‘ಚೆನ್ನಾಗಿ’ ಒಂದೇ, ಇಂಗ್ಲಿಷ್‌ನಲ್ಲಿ ಗುಡ್ಡೋ ವೆಲ್ಲೋ?

ಪ್ರಶ್ನೆ: ಆಫೀಸಿನಲ್ಲಿ ದಿನಾ ಇಂಗ್ಲಿಷ್‌ನಲ್ಲಿ ಮೇಲ್ ಬರೆಯಬೇಕು. ಮೊನ್ನೆ ಹೀಗೆ ಬರೆದಿದ್ದೆ: ‘ಐ ಆಮ್ ವರ್ಕಿಂಗ್ ಹಾರ್ಡ್ಲಿ ಆನ್ ದ ರಿಪೋರ್ಟ್. ದ ನ್ಯೂ ಡಿಸೈನ್ ಲುಕ್ಸ್ ನೈಸ್ಲಿ. ಅವರ್ ನ್ಯೂ ಕಲೀಗ್ ಸ್ಪೀಕ್ಸ್ ವೆರಿ ವೆಲ್ ಇಂಗ್ಲಿಷ್. ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ದಿಸ್ ವರ್ಕ್. ಐ ವಿಲ್ ಫಿನಿಶ್ ಇಟ್ ಟುಮಾರೋ ಓನ್ಲಿ.’ ಕಳಿಸುವ ಮುಂಚೆ ಗೆಳತಿಗೆ ತೋರಿಸಿದೆ. ಐದಕ್ಕೆ ಐದೂ ತಪ್ಪು ಅಂದಳು. ನಾಮಪದದ ಬಗ್ಗೆ ಹೇಳಿದರೆ ಅಡ್ಜೆಕ್ಟಿವ್, ಕ್ರಿಯಾಪದದ ಬಗ್ಗೆ ಹೇಳಿದರೆ ಅಡ್ವರ್ಬ್, ಅಡ್ಜೆಕ್ಟಿವ್‌ಗೆ ‘ಲಿ’ ಸೇರಿಸಿದರೆ ಅಡ್ವರ್ಬ್ ಆಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೆ. ಅದನ್ನೇ ಪಾಲಿಸಿದ್ದೇನೆ. ಎಲ್ಲಿ ಎಡವಿದೆ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ. ಆದರೆ ಬೇಜಾರು ಬೇಡ. ಈ ಐದರಲ್ಲಿ ಒಂದು ಮಾತ್ರ ಶಾಲೆಯ ಸೂತ್ರ ನಂಬಿ ಆದ ತಪ್ಪು. ಉಳಿದ ನಾಲ್ಕೂ ಕನ್ನಡದಲ್ಲಿ ಸರಿಯಾಗಿ ಯೋಚನೆ ಮಾಡಿದ್ದರಿಂದಲೇ ಆದವು. ಹಾಗಾಗಿ ಇಂಗ್ಲಿಷ್ ವ್ಯಾಕರಣ ಬಿಟ್ಟು ಮೊದಲು ಕನ್ನಡದಿಂದಲೇ ಶುರು ಮಾಡೋಣ.

‘ಜೋರಾದ ಮಳೆ’ ಅನ್ನುತ್ತೇವೆ. ‘ಮಳೆ ಜೋರಾಗಿ ಸುರಿಯಿತು’ ಅನ್ನುತ್ತೇವೆ. ಮೊದಲನೆಯದರಲ್ಲಿ ‘ಜೋರಾದ’ ಮಳೆಗೆ ಅಂಟಿಕೊಂಡಿದೆ. ಎರಡನೆಯದರಲ್ಲಿ ‘ಜೋರಾಗಿ’ ಸುರಿಯುವ ಕೆಲಸಕ್ಕೆ ಅಂಟಿಕೊಂಡಿದೆ. ಇಂಗ್ಲಿಷ್‌ನಲ್ಲೂ ಹಾಗೇ: ‘ಹೆವಿ ರೇನ್’, ‘ಇಟ್ ರೇನ್ಡ್ ಹೆವಿಲಿ’. ‘ಆದ’ ಬಂದರೆ ಅಡ್ಜೆಕ್ಟಿವ್, ‘ಆಗಿ’ ಬಂದರೆ ಅಡ್ವರ್ಬ್. ಇಲ್ಲಿಯವರೆಗೆ ಲೆಕ್ಕ ಸರಿಯಾಗಿದೆ, ಅಲ್ವಾ?

ಈಗ ಮೂರನೇ ವಾಕ್ಯ ನೋಡಿ: ‘ಮಳೆ ಜೋರಾಗಿದೆ.’ ಬಿಡಿಸಿದರೆ ಜೋರಾಗಿ ಮತ್ತು ಇದೆ. ಮತ್ತೆ ‘ಆಗಿ’ ಬಂತು. ಹಾಗಂತ ‘ದ ರೇನ್ ಈಸ್ ಹೆವಿಲಿ’ ಅನ್ನುವ ಹಾಗಿಲ್ಲ. ‘ದ ರೇನ್ ಈಸ್ ಹೆವಿ’ ಅನ್ನಬೇಕು. ಎಡವುವುದು ಇಲ್ಲೇ. ಕನ್ನಡ ಈ ‘ಆಗಿ’ಯನ್ನು ಎರಡು ಕೆಲಸಕ್ಕೆ ಬಳಸುತ್ತದೆ. ಒಂದು, ಕೆಲಸ ಹೇಗೆ ನಡೆಯಿತು ಅಂತ ಹೇಳುವುದಕ್ಕೆ. ಇನ್ನೊಂದು, ವಸ್ತು ಹೇಗಿದೆ ಅಂತ ಹೇಳುವುದಕ್ಕೆ. ‘ಅವಳು ಚೆನ್ನಾಗಿ ಹಾಡಿದಳು’, ‘ಹಾಡು ಚೆನ್ನಾಗಿದೆ’. ನಮಗೆ ಎರಡೂ ಕಡೆ ‘ಚೆನ್ನಾಗಿ’ಯೇ. ಇಂಗ್ಲಿಷ್ ಮಾತ್ರ ಇವೆರಡನ್ನು ಬೇರೆ ಬೇರೆ ಡಬ್ಬಿಗೆ ಹಾಕುತ್ತದೆ: ‘ಶಿ ಸ್ಯಾಂಗ್ ವೆಲ್’, ‘ದ ಸಾಂಗ್ ಈಸ್ ಗುಡ್’. ಗುಡ್ ಮತ್ತು ವೆಲ್ ನಡುವೆ ಎಷ್ಟೋ ಜನ ವರ್ಷಗಟ್ಟಲೆ ಒದ್ದಾಡುವುದಕ್ಕೆ ಕಾರಣ ಇಷ್ಟೇ. ಅವರ ಕನ್ನಡದಲ್ಲಿ ಆ ಗೆರೆಯೇ ಇಲ್ಲ.

ಆದ್ದರಿಂದ ಪದದ ಬಾಲ ನೋಡುವ ಬದಲು ಅದು ಯಾರನ್ನು ಬಣ್ಣಿಸುತ್ತಿದೆ ಅಂತ ಕೇಳಿ. ಹಾಡನ್ನೋ, ಹಾಡುವ ಕೆಲಸವನ್ನೋ? ಡಿಸೈನನ್ನೋ, ಕಾಣುವ ಕೆಲಸವನ್ನೋ?

‘ಕಾಣುವ ಕೆಲಸ’ ಅಂದಾಗ ಏನೋ ಸರಿ ಇಲ್ಲ ಅನ್ನಿಸಿತಲ್ಲ? ಅನ್ನಿಸಬೇಕು. ನಿಮ್ಮ ಎರಡನೇ ವಾಕ್ಯದ ರೋಗ ಅಲ್ಲೇ ಇದೆ. ಡಿಸೈನ್ ಕುಳಿತು ಏನೂ ಮಾಡುತ್ತಿಲ್ಲ. ಅದು ಸುಮ್ನೆ ಅಲ್ಲಿದೆ, ನೋಡಿದವರಿಗೆ ಚಂದ ಕಾಣುತ್ತದೆ. ‘ಲುಕ್ಸ್’ ಇಲ್ಲಿ ಕ್ರಿಯಾಪದದ ವೇಷದಲ್ಲಿರುವ ‘ಈಸ್’. ಇಂಗ್ಲಿಷ್‌ನಲ್ಲಿ ಇಂಥ ವೇಷಧಾರಿಗಳು ಒಂದಷ್ಟಿವೆ: ಲುಕ್, ಸೌಂಡ್, ಸ್ಮೆಲ್, ಟೇಸ್ಟ್, ಫೀಲ್, ಸೀಮ್, ಅಪಿಯರ್, ಬಿಕಮ್, ರಿಮೇನ್. ಇವನ್ನು ಲಿಂಕಿಂಗ್ ವರ್ಬ್ ಅನ್ನುತ್ತಾರೆ. ಹೆಸರೇ ಹೇಳುವ ಹಾಗೆ ಇವು ಕೊಂಡಿಗಳು. ಈ ಕಡೆಯ ವಸ್ತುವನ್ನು ಆ ಕಡೆಯ ಗುಣಕ್ಕೆ ಸಿಕ್ಕಿಸುತ್ತವೆ, ಅಷ್ಟೆ. ಕೊಂಡಿಯ ಆಚೆ ಬರುವುದು ವಸ್ತುವಿನ ಗುಣ. ಅಂದಮೇಲೆ ಅದು ಅಡ್ಜೆಕ್ಟಿವ್.

ತೊಂದರೆ ಏನೆಂದರೆ, ಇದರಲ್ಲಿ ಕೆಲವು ಪದಗಳಿಗೆ ಎರಡು ಮುಖ. ‘ಶಿ ಲುಕ್ಡ್ ಆಂಗ್ರಿ’ ಅಂದರೆ ಅವಳನ್ನು ನೋಡಿದರೆ ಸಿಟ್ಟು ಬಂದ ಹಾಗಿತ್ತು. ‘ಶಿ ಲುಕ್ಡ್ ಆಂಗ್ರಿಲಿ ಅಟ್ ದ ಕ್ಲಾಕ್’ ಅಂದರೆ ಅವಳು ಗಡಿಯಾರವನ್ನು ಸಿಟ್ಟಿನಿಂದ ನೋಡಿದಳು. ಅದೇ ‘ಲುಕ್ಡ್’. ಒಮ್ಮೆ ಕೊಂಡಿ, ಇನ್ನೊಮ್ಮೆ ಕೆಲಸ. ಇದನ್ನು ಗುರುತಿಸಲು ‘ಆ ಜಾಗದಲ್ಲಿ ಈಸ್ ಅಥವಾ ವಾಸ್ ಇಟ್ಟು ನೋಡಿ, ವಾಕ್ಯ ನಿಂತರೆ ಅಡ್ಜೆಕ್ಟಿವ್’ ಅಂತ ಹೇಳಿಕೊಡುತ್ತಾರೆ. ಒಳ್ಳೆಯ ಉಪಾಯವೇ. ಆದರೆ ನಮ್ಮ ಕೈಯಲ್ಲಿ ಇದಕ್ಕಿಂತ ಸುಲಭದ್ದೊಂದು ಇದೆ.

ಕನ್ನಡ ಈ ಎರಡು ಮುಖಗಳಿಗೆ ಎರಡು ಬೇರೆ ಪದಗಳನ್ನೇ ಇಟ್ಟುಕೊಂಡಿದೆ. ಕೊಂಡಿಯಾದಾಗ ಲುಕ್ ಅಂದರೆ ‘ಕಾಣು’, ಕೆಲಸವಾದಾಗ ‘ನೋಡು’. ಟೇಸ್ಟ್ ಕೊಂಡಿಯಾದಾಗ ‘ರುಚಿಯಾಗಿದೆ’, ಕೆಲಸವಾದಾಗ ‘ರುಚಿ ನೋಡು’. ಸ್ಮೆಲ್ ಒಂದು ಕಡೆ ‘ವಾಸನೆ ಬರುತ್ತಿದೆ’, ಇನ್ನೊಂದು ಕಡೆ ‘ಮೂಸಿ ನೋಡು’. ಫೀಲ್ ಒಂದು ಕಡೆ ‘ಅನ್ನಿಸು’, ಇನ್ನೊಂದು ಕಡೆ ‘ಮುಟ್ಟಿ ನೋಡು’. ಎಲ್ಲ ಕಡೆ ‘ನೋಡು’ ಬರುವುದನ್ನು ಗಮನಿಸಿದಿರಾ? ನಾವು ಕಣ್ಣಲ್ಲಿ ಮಾತ್ರ ನೋಡುವವರಲ್ಲ, ನಾಲಿಗೆ, ಮೂಗು, ಬೆರಳಲ್ಲೂ ನೋಡುವವರು! ಅದು ಇಲ್ಲಿ ಅನುಕೂಲಕ್ಕೆ ಬರುತ್ತದೆ. ನಿಮ್ಮ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತನ್ನಿ. ‘ನೋಡು’ ಸೇರಿಕೊಂಡರೆ ಯಾರೋ ಏನೋ ಮಾಡುತ್ತಿದ್ದಾರೆ, ಹೇಗೆ ಅಂತ ಹೇಳಲು ಅಡ್ವರ್ಬ್ ಬೇಕು: ‘ಹಿ ಟೇಸ್ಟೆಡ್ ದ ಸೂಪ್ ಕೇರ್‌ಫುಲಿ’, ಅವನು ಸೂಪನ್ನು ಜೋಪಾನವಾಗಿ ರುಚಿ ನೋಡಿದ. ‘ನೋಡು’ ಬರದೆ ‘ಇದೆ’, ‘ಕಾಣು’, ‘ಅನ್ನಿಸು’ ಇಂಥವು ಬಂದರೆ ಅಡ್ಜೆಕ್ಟಿವ್: ‘ದ ಸೂಪ್ ಟೇಸ್ಟೆಡ್ ಗುಡ್’, ಸೂಪ್ ರುಚಿಯಾಗಿತ್ತು.

ನಿಮ್ಮ ಡಿಸೈನ್ ‘ಚೆನ್ನಾಗಿ ಕಾಣುತ್ತಿದೆ’. ಹಾಗಾಗಿ ‘ಲುಕ್ಸ್ ನೈಸ್’.

ಇದೇ ದಾರಿಯಲ್ಲಿ ‘ಐ ಫೀಲ್ ಬ್ಯಾಡ್’ ಕೂಡ ಬರುತ್ತದೆ. ಬೇಜಾರು ಅನ್ನಿಸುತ್ತಿದೆ ಅಂತ ತಾನೇ? ಹಾಗಾಗಿ ಬ್ಯಾಡ್. ಇಂಗ್ಲಿಷ್ ಮನೆಮಾತಿನವರಲ್ಲೂ ‘ಫೀಲ್ ಬ್ಯಾಡ್ಲಿ’ ಅನ್ನುವವರು ಬೇಕಾದಷ್ಟು ಜನ ಇದ್ದಾರೆ, ಕೇಳಿ ಗಾಬರಿ ಆಗಬೇಡಿ. ಬರೆಯುವಾಗ ಬ್ಯಾಡ್ ಅಂತಲೇ ಇಡಿ. ‘ವೆಲ್’ ಒಂದು ಮಾತ್ರ ಸ್ವಲ್ಪ ಕಿಲಾಡಿ. ಅದು ಅಡ್ವರ್ಬ್ ಹೌದು, ಆದರೆ ಆರೋಗ್ಯದ ಮಾತು ಬಂದಾಗ ಅಡ್ಜೆಕ್ಟಿವ್ ಆಗುತ್ತದೆ. ‘ಶಿ ಲುಕ್ಸ್ ಗುಡ್’ ಅಂದರೆ ಚೆಂದ ಕಾಣುತ್ತಾಳೆ. ‘ಶಿ ಲುಕ್ಸ್ ವೆಲ್’ ಅಂದರೆ ಆರೋಗ್ಯವಾಗಿ ಕಾಣುತ್ತಾಳೆ. ಕಾಯಿಲೆಯಿಂದ ಎದ್ದವರಿಗೆ ಎರಡನೆಯದನ್ನು ಹೇಳುತ್ತಾರೆ.

ಇನ್ನು ‘ಲಿ’ ವಿಷಯ. ನಿಮ್ಮ ಮೊದಲ ವಾಕ್ಯ ನೋಡಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ, ನನ್ನನ್ನೇ ನೆನೆದು. ಕೆಲಸಕ್ಕೆ ಬರೆದ ಮೊದಲ ಅರ್ಜಿಯಲ್ಲಿ ನಾನು ‘ಐ ವಿಲ್ ವರ್ಕ್ ವೆರಿ ಹಾರ್ಡ್ಲಿ’ ಅಂತ ಬರೆದಿದ್ದೆ. ‘ತುಂಬಾ ಕಷ್ಟಪಟ್ಟು ದುಡಿಯುತ್ತೇನೆ’ ಅಂತ ನನ್ನ ಲೆಕ್ಕ. ಅರ್ಜಿ ಓದಿದ ಹಿರಿಯರು ಕನ್ನಡಕದ ಮೇಲಿಂದ ನೋಡಿ, ‘ಇಷ್ಟು ಪ್ರಾಮಾಣಿಕವಾಗಿ ಯಾರೂ ಬರೆದಿರಲಿಲ್ಲಪ್ಪ’ ಅಂದರು. ಹೊಗಳಿಕೆ ಅಂದುಕೊಂಡು ಥ್ಯಾಂಕ್ಸ್ ಬೇರೆ ಹೇಳಿದೆ. ‘ಹಾರ್ಡ್ಲಿ’ ಅಂದರೆ ‘ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ’ ಅಂತ ಗೊತ್ತಾದದ್ದು ಆಮೇಲೆ. ‘ಐ ಹಾರ್ಡ್ಲಿ ಸ್ಲೆಪ್ಟ್’ ಅಂದರೆ ನಿದ್ದೆಯೇ ಬರಲಿಲ್ಲ ಅನ್ನಬಹುದು. ನಿಮ್ಮ ಮೇಲ್ ಓದಿದವರಿಗೂ ರಿಪೋರ್ಟಿನ ಕೆಲಸ ನಡೆಯುತ್ತಲೇ ಇಲ್ಲ ಅನ್ನುವ ಅನುಮಾನ ಬರುತ್ತಿತ್ತು.

ಹಾಗಾದರೆ ‘ಹಾರ್ಡ್’ಗೆ ಅಡ್ವರ್ಬ್ ಏನು? ‘ಹಾರ್ಡ್’ ತಾನೇ. ‘ಎ ಹಾರ್ಡ್ ಜಾಬ್’ನಲ್ಲಿ ಅಡ್ಜೆಕ್ಟಿವ್, ‘ವರ್ಕ್ ಹಾರ್ಡ್’ನಲ್ಲಿ ಅಡ್ವರ್ಬ್. ಹೀಗೇಕೆ ಅನ್ನುವುದಕ್ಕೆ ಒಂದು ಹಳೆಯ ಕಥೆ ಇದೆ. ಸುಮಾರು 1100ರವರೆಗಿನ ಇಂಗ್ಲಿಷನ್ನು ಹಳೆ ಇಂಗ್ಲಿಷ್ ಅನ್ನುತ್ತಾರೆ. ಅದರಲ್ಲಿ ಅಡ್ಜೆಕ್ಟಿವ್‌ನ ಕೊನೆಗೆ ಒಂದು ‘ಎ’ ಸ್ವರ ಸೇರಿಸಿದರೆ ಅಡ್ವರ್ಬ್ ಆಗುತ್ತಿತ್ತು. ನಂತರದ ಶತಮಾನಗಳಲ್ಲಿ ಆ ಕೊನೆಯ ‘ಎ’ ಮಾತಿನಲ್ಲಿ ಸವೆದು ಹೋಯಿತು. ನಾವು ‘ಬರುತ್ತೇನೆ’ಯನ್ನು ‘ಬರ್ತೀನಿ’ ಮಾಡಿಕೊಂಡ ಹಾಗೆ ಅವರೂ ನಾಲಿಗೆಗೆ ಸುಲಭ ಮಾಡಿಕೊಂಡರು. ‘ಎ’ ಹೋದ ಮೇಲೆ ಎರಡೂ ರೂಪ ಒಂದೇ ಆಗಿ ಉಳಿದವು. ಹಾರ್ಡ್, ಫಾಸ್ಟ್ ಇಂಥ ಪದಗಳು ಆ ಕಾಲದ ಉಳಿಕೆ. ‘ಫಾಸ್ಟ್ಲಿ’ ಅನ್ನುವ ಪದವನ್ನು ಇವತ್ತು ಯಾರೂ ಬಳಸುವುದಿಲ್ಲ. ‘ಹಿ ರನ್ಸ್ ಫಾಸ್ಟ್’, ಅಷ್ಟೇ.

‘ಲಿ’ಯ ಮೂಲವೂ ಅಲ್ಲೇ ಇದೆ. ಹಳೆ ಇಂಗ್ಲಿಷ್‌ನಲ್ಲಿ ‘ಲೀಚ್’ ಅಂದರೆ ದೇಹ, ಆಕಾರ. ಅದು ಪದಗಳ ಕೊನೆಗೆ ಸೇರಿ ‘ಅದರ ಥರದ’ ಅನ್ನುವ ಅರ್ಥ ಕೊಡುತ್ತಿತ್ತು. ಇಂದಿನ ‘ಲೈಕ್’ ಇದರ ನೆಂಟ. ಫ್ರೆಂಡ್‌ಗೆ ಅದು ಸೇರಿದರೆ ‘ಗೆಳೆಯನ ಥರದ’, ಅಂದರೆ ಅಡ್ಜೆಕ್ಟಿವ್. ಅದರ ಮೇಲೆ ಮತ್ತೊಂದು ‘ಎ’ ಸೇರಿದರೆ ‘ಗೆಳೆಯನ ಥರ’, ಅಂದರೆ ಅಡ್ವರ್ಬ್. ಇಲ್ಲೂ ‘ಎ’ ಸವೆಯಿತು. ಎರಡೂ ‘ಲಿ’ ಆಗಿ ನಿಂತವು. ‘ಕ್ವಿಕ್ಲಿ’ಯ ಲಿ ಒಂದು, ‘ಫ್ರೆಂಡ್ಲಿ’ಯ ಲಿ ಇನ್ನೊಂದು. ನೋಡಲು ಅವಳಿ, ಕೆಲಸ ಬೇರೆ.

ಇದರಿಂದ ನಮಗೆ ಸಿಗುವ ಒಂದು ಗುರುತು ಇದೆ. ‘ಲಿ’ ತೆಗೆದು ನೋಡಿ. ಉಳಿದದ್ದು ನಾಮಪದವಾದರೆ ಆ ಪದ ಹೆಚ್ಚಾಗಿ ಅಡ್ಜೆಕ್ಟಿವ್: ಫ್ರೆಂಡ್ಲಿ, ಲವ್ಲಿ, ಕಾಸ್ಟ್ಲಿ, ಕೌವರ್ಡ್ಲಿ. ಉಳಿದದ್ದು ಅಡ್ಜೆಕ್ಟಿವ್ ಆದರೆ ಪದ ಹೆಚ್ಚಾಗಿ ಅಡ್ವರ್ಬ್: ಕ್ವಿಕ್ಲಿ, ಸಾಫ್ಟ್ಲಿ, ಕ್ಲಿಯರ್ಲಿ. ‘ಹೆಚ್ಚಾಗಿ’ ಅಂದೆ, ಯಾಕಂದರೆ ಲೋನ್ಲಿ, ಡೆಡ್ಲಿ, ಎಲ್ಡರ್ಲಿ ಇಂಥವು ಈ ಲೆಕ್ಕಕ್ಕೆ ಸಿಗುವುದಿಲ್ಲ, ಅವು ಅಡ್ಜೆಕ್ಟಿವ್‌ಗಳೇ. ಡೈಲಿ, ವೀಕ್ಲಿ, ಅರ್ಲಿ ಎರಡೂ ಕಡೆ ಓಡಾಡುತ್ತವೆ. ‘ಹಿ ಸ್ಪೋಕ್ ಫ್ರೆಂಡ್ಲಿ’ ಅನ್ನಲು ಬರುವುದಿಲ್ಲ. ‘ಇನ್ ಎ ಫ್ರೆಂಡ್ಲಿ ವೇ’ ಅಂತ ಸುತ್ತಿ ಬರಬೇಕು.

ಹಾರ್ಡ್ಲಿಯ ಹಾಗೆ ಅರ್ಥ ಬದಲಿಸಿಕೊಂಡವು ಇನ್ನೂ ಇವೆ. ‘ಕೇಮ್ ಲೇಟ್’ ಅಂದರೆ ತಡವಾಗಿ ಬಂದ. ‘ಲೇಟ್ಲಿ’ ಅಂದರೆ ಇತ್ತೀಚೆಗೆ. ‘ನಿಯರ್’ ಹತ್ತಿರ, ‘ನಿಯರ್ಲಿ’ ಹೆಚ್ಚುಕಡಿಮೆ. ಹಕ್ಕಿ ‘ಹೈ’ ಹಾರುತ್ತದೆ, ‘ಹೈಲಿ’ ಹಾರುವುದಿಲ್ಲ. ‘ಹೈಲಿ ಯೂಸ್‌ಫುಲ್’ ಅನ್ನುವಲ್ಲಿ ‘ಬಹಳ’ ಅಂತ ಅರ್ಥ. ಇವನ್ನು ಬಾಯಿಪಾಠ ಮಾಡಿಬಿಡಿ, ಬೇರೆ ದಾರಿ ಇಲ್ಲ.

ಮೂರನೇ ವಾಕ್ಯಕ್ಕೆ ಬರೋಣ. ‘ಸ್ಪೀಕ್ಸ್ ವೆರಿ ವೆಲ್ ಇಂಗ್ಲಿಷ್.’ ಪದಗಳೆಲ್ಲ ಸರಿ, ಕೂತ ಜಾಗ ಸರಿ ಇಲ್ಲ. ಕನ್ನಡದಲ್ಲಿ ‘ಇಂಗ್ಲಿಷ್ ತುಂಬಾ ಚೆನ್ನಾಗಿ ಮಾತಾಡುತ್ತಾರೆ’ ಅಂದರೂ ಆಯಿತು, ‘ತುಂಬಾ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೆ’ ಅಂದರೂ ಆಯಿತು. ನಮ್ಮಲ್ಲಿ ವಿಭಕ್ತಿ ಪ್ರತ್ಯಯಗಳಿವೆ, ಪದ ಎಲ್ಲಿ ಕೂತರೂ ಗುರುತು ಸಿಗುತ್ತದೆ. ಇಂಗ್ಲಿಷ್‌ಗೆ ಆ ಸೌಕರ್ಯ ಕಡಿಮೆ, ಜಾಗವೇ ಅದಕ್ಕೆ ಗುರುತು. ಹಾಗಾಗಿ ಕ್ರಿಯಾಪದ ಮತ್ತು ಅದರ ಕರ್ಮದ ನಡುವೆ ಅಡ್ವರ್ಬನ್ನು ತೂರಿಸಲು ಅದು ಬಿಡುವುದಿಲ್ಲ. ‘ಸ್ಪೀಕ್ಸ್ ಇಂಗ್ಲಿಷ್’ ಕೈಹಿಡಿದು ನಡೆಯುವ ಜೋಡಿ, ‘ವೆರಿ ವೆಲ್’ ಅದರ ನಂತರ ಬರಬೇಕು. ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ ಅನ್ನುವ ಪದಗಳ ಜಾಗ ಬೇರೆ. ಆಲ್ವೇಸ್, ಸಮ್‌ಟೈಮ್ಸ್, ನೆವರ್ ಸಾಮಾನ್ಯವಾಗಿ ಮುಖ್ಯ ಕ್ರಿಯಾಪದದ ಮುಂಚೆ ಬರುತ್ತವೆ: ‘ಐ ಆಲ್ವೇಸ್ ಗೆಟ್ ಅಪ್ ಅರ್ಲಿ’. ಆದರೆ ‘ಈಸ್’, ‘ಆಮ್’, ‘ಆರ್’ ಬಂದರೆ ಅವುಗಳ ನಂತರ: ‘ಶಿ ಈಸ್ ಆಲ್ವೇಸ್ ಲೇಟ್’.

ನಿಮ್ಮ ‘ವೆರಿ’ ಇಲ್ಲಿ ಸರಿಯಾಗಿದೆ. ಆದರೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕಂದರೆ ನಮ್ಮ ‘ತುಂಬಾ’ ಬಹಳ ಉದಾರಿ. ‘ತುಂಬಾ ಬಿಸಿ’, ‘ತುಂಬಾ ಜನ’, ‘ತುಂಬಾ ಇಷ್ಟಪಟ್ಟೆ’, ಎಲ್ಲದಕ್ಕೂ ಅದೊಂದೇ ಸಾಕು. ‘ವೆರಿ’ ಅಡ್ಜೆಕ್ಟಿವ್‌ಗೆ ಅಥವಾ ಇನ್ನೊಂದು ಅಡ್ವರ್ಬ್‌ಗೆ ಮಾತ್ರ ಅಂಟುತ್ತದೆ: ‘ವೆರಿ ಹಾಟ್’, ‘ವೆರಿ ವೆಲ್’. ಜನಕ್ಕೆ ಅಂಟುವುದಿಲ್ಲ, ಅಲ್ಲಿ ‘ಮೆನಿ’ ಬೇಕು. ಕ್ರಿಯಾಪದಕ್ಕಂತೂ ಅಂಟುವುದೇ ಇಲ್ಲ. ‘ಐ ವೆರಿ ಲೈಕ್ ಇಟ್’ ಅನ್ನದೆ ‘ಐ ಲೈಕ್ ಇಟ್ ವೆರಿ ಮಚ್’ ಅನ್ನಬೇಕು. ಇನ್ನು ‘ಟೂ’. ಅದು ‘ತುಂಬಾ’ ಅಲ್ಲ, ‘ಜಾಸ್ತಿ ಆಯ್ತು’. ‘ದ ವಾಟರ್ ಈಸ್ ವೆರಿ ಹಾಟ್’ ಅಂದರೆ ನೀರು ತುಂಬಾ ಬಿಸಿ ಇದೆ, ಬೇಕಿದ್ದರೆ ಸ್ನಾನ ಮಾಡಬಹುದು. ‘ಟೂ ಹಾಟ್’ ಅಂದರೆ ಮೈಮೇಲೆ ಹಾಕಿಕೊಳ್ಳಲು ಆಗದಷ್ಟು. ಇಷ್ಟವಾದದ್ದಕ್ಕೆಲ್ಲ ‘ಟೂ ಗುಡ್’ ಅನ್ನುವುದು ಗೆಳೆಯರ ನಡುವೆ ನಡೆಯುತ್ತದೆ, ಆಫೀಸಿನ ಮೇಲ್‌ನಲ್ಲಿ ಬೇಡ.

ನಾಲ್ಕನೆಯದು ನನಗೆ ಬಹಳ ಪ್ರಿಯವಾದ ತಪ್ಪು. ‘ಐ ಆಮ್ ವೆರಿ ಇಂಟರೆಸ್ಟಿಂಗ್’ ಅಂದರೆ ‘ನಾನು ತುಂಬಾ ಸ್ವಾರಸ್ಯದ ಮನುಷ್ಯ’ ಅಂತ ನೀವೇ ಹೇಳಿಕೊಂಡ ಹಾಗೆ. ಇರಬಹುದು, ಇಲ್ಲ ಅನ್ನುವುದಿಲ್ಲ! ಆದರೆ ನೀವು ಹೇಳಬೇಕಿದ್ದದ್ದು ಅದಲ್ಲ. ಕನ್ನಡದಲ್ಲಿ ಭಾವನೆಯ ಮಾತು ಬಂದಾಗ ನಾವು ‘ನನಗೆ’ ಅನ್ನುತ್ತೇವೆ: ನನಗೆ ಆಸಕ್ತಿ ಇದೆ, ನನಗೆ ಬೋರ್ ಆಗುತ್ತಿದೆ, ನನಗೆ ಸುಸ್ತಾಗಿದೆ. ಭಾವನೆ ಬಂದು ನಮಗೆ ತಾಗುತ್ತದೆ. ಇಂಗ್ಲಿಷ್‌ನಲ್ಲಿ ಆ ‘ನನಗೆ’ ಹೋಗಿ ‘ಐ’ ಬರುತ್ತದೆ. ಆಗ ತಾಗಿಸುವವರು ಯಾರು, ತಾಗಿಸಿಕೊಂಡವರು ಯಾರು ಅಂತ ತೋರಿಸುವ ಕೆಲಸ ಪದದ ಕೊನೆಗೆ ಬೀಳುತ್ತದೆ. ತಾಗಿಸುವುದಕ್ಕೆ ‘ಇಂಗ್’: ಬೋರಿಂಗ್ ಸ್ಪೀಚ್, ಟೈರಿಂಗ್ ವರ್ಕ್. ತಾಗಿಸಿಕೊಂಡವರಿಗೆ ‘ಎಡ್’: ಐ ಆಮ್ ಬೋರ್ಡ್, ಐ ಆಮ್ ಟೈರ್ಡ್. ಕನ್ನಡದಲ್ಲಿ ‘ನನಗೆ’ ಬರುವ ಕಡೆ ಇಂಗ್ಲಿಷ್‌ನಲ್ಲಿ ‘ಎಡ್’ ಇಡಿ, ಹೆಚ್ಚಿನ ಸಲ ಸರಿಯಾಗುತ್ತದೆ. ಕೆಲಸ ಇಂಟರೆಸ್ಟಿಂಗ್, ನೀವು ಇಂಟರೆಸ್ಟೆಡ್.

ನೀವು ಕೇಳದೇ ಇದ್ದರೂ ಎರಡು ಸಣ್ಣ ವಿಷಯ. ನಾವು ‘ಚಿಕ್ಕ ಚಿಕ್ಕ ಮಕ್ಕಳು’, ‘ಬೇಗ ಬೇಗ ಬಾ’ ಅಂತ ಪದವನ್ನು ಎರಡು ಸಲ ಹೇಳುತ್ತೇವೆ. ಇಂಗ್ಲಿಷ್‌ನಲ್ಲಿ ‘ಸ್ಮಾಲ್ ಸ್ಮಾಲ್ ಚಿಲ್ಡ್ರನ್’, ‘ಕಮ್ ಫಾಸ್ಟ್ ಫಾಸ್ಟ್’ ಅಂತ ಬರೆಯಬೇಡಿ, ಒಂದೇ ಸಲ ಸಾಕು. ಇನ್ನೊಂದು, ಹೋಲಿಕೆ. ‘ಅವನಿಗಿಂತ ಎತ್ತರ’ ಅಂದಾಗ ‘ಎತ್ತರ’ ಬದಲಾಗಲಿಲ್ಲ, ಹೋಲಿಕೆಯ ಭಾರವನ್ನೆಲ್ಲ ‘ಇಂತ’ ಹೊತ್ತುಕೊಂಡಿತು. ಇಂಗ್ಲಿಷ್‌ನಲ್ಲಿ ‘ದ್ಯಾನ್’ ಇದ್ದರೂ ಅಡ್ಜೆಕ್ಟಿವ್ ಬದಲಾಗಲೇಬೇಕು: ಟಾಲರ್ ದ್ಯಾನ್. ಚಿಕ್ಕ ಪದಕ್ಕೆ ‘ಅರ್’, ಉದ್ದ ಪದಕ್ಕೆ ಮುಂಚೆ ‘ಮೋರ್’. ಎರಡನ್ನೂ ಸೇರಿಸಿ ‘ಮೋರ್ ಟಾಲರ್’ ಅನ್ನಬಾರದು, ಒಂದು ಕೊಡೆಯ ಮೇಲೆ ಇನ್ನೊಂದು ಕೊಡೆ ಹಿಡಿದ ಹಾಗಾಗುತ್ತದೆ.

ಕೊನೆಯದು ನಿಮ್ಮ ‘ಟುಮಾರೋ ಓನ್ಲಿ’. ಐದರಲ್ಲಿ ಅತಿ ಅಪಾಯದ್ದು ಇದೇ, ಯಾಕಂದರೆ ಇದು ತಪ್ಪು ಅಂತ ಕಾಣುವುದೇ ಇಲ್ಲ. ‘ಓನ್ಲಿ’ ಸಾಮಾನ್ಯವಾಗಿ ತಾನು ಹಿಡಿದುಕೊಳ್ಳುವ ಪದಕ್ಕಿಂತ ಮುಂಚೆ ನಿಲ್ಲುತ್ತದೆ. ನಮ್ಮ ‘ಮಾತ್ರ’ ಪದದ ನಂತರ ನಿಲ್ಲುತ್ತದೆ. ‘ಓನ್ಲಿ ಶಿ ಗೇವ್ ಮಿ ದ ಕೀ’ ಅಂದರೆ ಕೀಲಿ ಕೊಟ್ಟದ್ದು ಅವಳು ಮಾತ್ರ, ಬೇರೆ ಯಾರೂ ಕೊಡಲಿಲ್ಲ. ‘ಶಿ ಗೇವ್ ಮಿ ಓನ್ಲಿ ದ ಕೀ’ ಅಂದರೆ ಕೀಲಿ ಮಾತ್ರ ಕೊಟ್ಟಳು, ಪೆಟ್ಟಿಗೆ ಕೊಡಲಿಲ್ಲ. ಪದ ಜರುಗಿದರೆ ಜಗಳವೇ ಬದಲಾಗುತ್ತದೆ.

ಆದರೆ ನಿಮ್ಮ ವಾಕ್ಯದಲ್ಲಿ ಇನ್ನೂ ಒಂದು ತೊಡಕಿದೆ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ‘ಮಾತ್ರ’ ಅಲ್ಲ, ‘ನಾಳೆಯೇ’ಯಲ್ಲಿರುವ ‘ಏ’. ‘ನಾಳೆಯೇ ಮುಗಿಸುತ್ತೇನೆ’ ಅಂದರೆ ಕನ್ನಡದಲ್ಲಿ ಅದು ಮಾತು ಕೊಟ್ಟ ಹಾಗೆ. ನಾಳೆ ದಾಟುವುದಿಲ್ಲ ಅಂತ. ನೀವು ಆ ‘ಏ’ಯನ್ನು ‘ಓನ್ಲಿ’ ಮಾಡಿದಿರಿ. ಓದಿದವರಿಗೆ ಅದು ‘ನಾಳೆಯವರೆಗೂ ಆಗುವುದಿಲ್ಲ’ ಅಂತ ಕೇಳಿಸಬಹುದು. ನೀವು ಆತುರ ತೋರಿಸಿದ್ದು ಅವರಿಗೆ ಆಲಸ್ಯವಾಗಿ ಕಾಣುತ್ತಿತ್ತು! ಈ ‘ಏ’ಗೆ ಇಂಗ್ಲಿಷ್‌ನಲ್ಲಿ ಸರಿಸಮನಾದ ಒಂದು ಪದ ಇಲ್ಲ. ಸಂದರ್ಭ ನೋಡಿ ಬೇರೆ ಬೇರೆ ದಾರಿ ಹಿಡಿಯಬೇಕು. ಇಲ್ಲಿ ‘ಬೈ ಟುಮಾರೋ’ ಅಂದರೆ ಸಾಕು.

ನಿಮ್ಮ ಮೇಲ್ ಈಗ ಹೀಗಿರಲಿ: ‘ಐ ಆಮ್ ವರ್ಕಿಂಗ್ ಹಾರ್ಡ್ ಆನ್ ದ ರಿಪೋರ್ಟ್. ದ ನ್ಯೂ ಡಿಸೈನ್ ಲುಕ್ಸ್ ನೈಸ್. ಅವರ್ ನ್ಯೂ ಕಲೀಗ್ ಸ್ಪೀಕ್ಸ್ ಇಂಗ್ಲಿಷ್ ವೆರಿ ವೆಲ್. ಐ ಆಮ್ ವೆರಿ ಇಂಟರೆಸ್ಟೆಡ್ ಇನ್ ದಿಸ್ ವರ್ಕ್. ಐ ವಿಲ್ ಫಿನಿಶ್ ಇಟ್ ಬೈ ಟುಮಾರೋ.’ ಗೆಳತಿಗೆ ಇನ್ನೊಮ್ಮೆ ತೋರಿಸಿ.